ಹೆವಿ ಮೆಟಲ್ ಎಲ್ಲಿಂದ ಶುರು ಮಾಡಲಿ? ರಾಗ ಬೇಕು, ಚೀರಾಟ ಬೇಡ

ಹೊಸಕಿವಿ:
ಮೆಟಲ್ ನನಗೆ ಇಷ್ಟವೋ ಇಲ್ಲವೋ ನನಗೇ ಗೊತ್ತಾಗುತ್ತಿಲ್ಲ. ಐರನ್ ಮೇಡನ್ ಅಂದರೆ ಪ್ರಾಣ. ಮೆಟಾಲಿಕಾದ 1991ರ ಕಪ್ಪು ಆಲ್ಬಮ್ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ನೈಟ್‌ವಿಶ್‌ನ ಒಂದೆರಡು ಹಾಡು ಬಾಯಿಪಾಠ. ಇಲ್ಲಿಂದ ಮುಂದೆ ಹೋಗೋಣ ಅಂತ ಹುಡುಕಿದರೆ ಥ್ರಾಶ್, ಡೆತ್, ಬ್ಲ್ಯಾಕ್, ಡೂಮ್, ಸ್ಲಡ್ಜ್, ಜೆಂಟ್... ಹೆಸರು ಓದಿಯೇ ಸುಸ್ತು. ಗೆಳೆಯನೊಬ್ಬ ಒಂದು ಡೆತ್ ಮೆಟಲ್ ಹಾಡು ಕಳಿಸಿದ. ಹತ್ತು ಸೆಕೆಂಡಿಗೆ ಹೆಡ್‌ಫೋನ್ ಕಿತ್ತಿಟ್ಟೆ. ಅದರಲ್ಲಿ ಹಾಡುತ್ತಿದ್ದವನಿಗೆ ಏನಾಗಿತ್ತು?

ಈ ಹೆಸರುಗಳಿಗೆಲ್ಲ ನಿಜವಾಗಿ ಅರ್ಥ ಇದೆಯಾ, ಸುಮ್ನೆ ಇಟ್ಟದ್ದಾ? ಚೀರಾಟ ಕಡಿಮೆ ಇರುವ ತಂಡಗಳಿದ್ದರೆ ಹೇಳಿ. ನೂರು ಹೆಸರಿನ ಪಟ್ಟಿ ಮಾತ್ರ ಬೇಡ, ಕೈಮುಗಿಯುತ್ತೇನೆ.

ಡಬಲ್‌ಪೆಡಲ್:
ಅರ್ಥ ಇದೆ. ಆದರೆ ಅರ್ಧ ಹೆಸರುಗಳು ಹುಟ್ಟಿದ್ದೇ "ನಾವು ಅವರ ಥರ ಅಲ್ಲ" ಅಂತ ತೋರಿಸಿಕೊಳ್ಳಲು. ಅದಕ್ಕೇ ಇಷ್ಟೊಂದು ಗೊಂದಲ.

ನಿಮಗೆ ಮೇಡನ್ ಇಷ್ಟ ಅಂದಿರಿ. ಅದರಲ್ಲಿ ಏನು ಇಷ್ಟ ಅಂತ ಮೊದಲು ಯೋಚಿಸಿ. ಬ್ರೂಸ್ ಡಿಕಿನ್‌ಸನ್ ದನಿಯಾ? ಎರಡು ಗಿಟಾರ್ ಜೊತೆಜೊತೆಯಾಗಿ ಬೇರೆಬೇರೆ ಸ್ವರದಲ್ಲಿ ಒಂದೇ ರಾಗ ನುಡಿಸುವುದಾ? ಅಥವಾ ಸ್ಟೀವ್ ಹ್ಯಾರಿಸ್‌ನ ಆ ಕುದುರೆ ಓಟದ ಬಾಸ್ ಗಿಟಾರಾ? ಶಾಲೆಯಲ್ಲಿ ಕಲಿತ ಛಂದಸ್ಸು ನೆನಪಿದ್ದರೆ ಆ ಓಟ ಪಕ್ಕಾ ಭಗಣ: ಗುರು, ಲಘು, ಲಘು. ಗುರು, ಲಘು, ಲಘು. ಹಾಡು ಮುಗಿಯುವವರೆಗೂ ಅವನು ಅದನ್ನು ಬೆರಳಲ್ಲೇ ನುಡಿಸುತ್ತಾನೆ, ಪಿಕ್ (ತಂತಿ ಮೀಟುವ ಬಿಲ್ಲೆ) ಮುಟ್ಟುವುದಿಲ್ಲ.

ಉತ್ತರ ಯಾವುದೋ ಅದರ ಮೇಲೆ ಮುಂದಿನ ದಾರಿ. ದನಿ ಇಷ್ಟವಾದವರು ಒಂದು ಕಡೆ ಹೋಗುತ್ತಾರೆ, ಓಟ ಇಷ್ಟವಾದವರು ಇನ್ನೊಂದು ಕಡೆ.

ಹೊಸಕಿವಿ:
ಓಟ ಅಂದುಕೊಂಡಿದ್ದೆ. ಈಗ ಕೇಳಿ ನೋಡಿದರೆ ದನಿ ಮತ್ತು ಆ ಜೋಡಿ ಗಿಟಾರ್. ಭಗಣ ಅಂತ ಗೊತ್ತಿರಲಿಲ್ಲ, ಈಗ ಬೇರೇನೂ ಕೇಳಿಸುತ್ತಿಲ್ಲ, ಅದೊಂದೇ ಕೇಳಿಸುತ್ತಿದೆ.

ನಿಧಾನವೇ_ಪ್ರಧಾನ:
ತಮ್ಮಾ, ಬೇರಿಂದ ಶುರು ಮಾಡು. ಬೇರು ಅಂದರೆ ಬ್ಲ್ಯಾಕ್ ಸಬ್ಬತ್. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್, 1970ರ ಫೆಬ್ರವರಿ 13, ಮೊದಲ ಆಲ್ಬಮ್. ಅದಕ್ಕಿಂತ ಮುಂಚೆ ಜೋರು ರಾಕ್ ಇರಲಿಲ್ಲ ಅಂತಲ್ಲ. ಲೆಡ್ ಜೆಪ್ಲಿನ್ ಇತ್ತು, ಡೀಪ್ ಪರ್ಪಲ್ ಇತ್ತು. ಆದರೆ ಹೆದರಿಸುವ ಭಾರ ತಂದದ್ದು ಸಬ್ಬತ್.

ಆ ಭಾರದ ಹಿಂದೆ ಒಂದು ಅಪಘಾತ ಇದೆ. ಗಿಟಾರಿಸ್ಟ್ ಟೋನಿ ಅಯೋಮಿ 17ನೇ ವಯಸ್ಸಿನಲ್ಲಿ ತಗಡು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಕೆಲಸದ ಕೊನೆಯ ದಿನ ಯಂತ್ರಕ್ಕೆ ಕೈ ಸಿಕ್ಕಿ ಬಲಗೈಯ ಎರಡು ಬೆರಳ ತುದಿ ಹೋಯಿತು. ಅವನು ಎಡಚ. ಹಾಗಾಗಿ ತಂತಿ ಒತ್ತಬೇಕಾದದ್ದೇ ಬಲಗೈ. ಇನ್ನು ಗಿಟಾರ್ ಮುಗಿಯಿತು ಅಂದುಕೊಂಡಿದ್ದವನಿಗೆ ಕಾರ್ಖಾನೆಯ ಮೇಲ್ವಿಚಾರಕನೇ ಜಾಂಗೋ ರೈನ್‌ಹಾರ್ಟ್‌ನ ರೆಕಾರ್ಡ್ ಕೇಳಿಸಿದನಂತೆ. ಜಾಂಗೋ ಬೆಂಕಿಯಲ್ಲಿ ಎರಡು ಬೆರಳು ಕೆಟ್ಟಿದ್ದರೂ ಗಿಟಾರ್ ನುಡಿಸುತ್ತಿದ್ದವನು. ಅಯೋಮಿ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡ, ತೆಳ್ಳನೆಯ ತಂತಿ ಹಾಕಿದ. 1971ರ ಮೂರನೇ ಆಲ್ಬಮ್ ಹೊತ್ತಿಗೆ ಶ್ರುತಿಯನ್ನೇ ಮೂರು ಅರೆಸ್ವರ ಕೆಳಗಿಳಿಸಿದ. ತಂತಿ ಸಡಿಲವಾದರೆ ಬೆರಳಿಗೆ ಸುಲಭ. ಸದ್ದೂ ಆಳಕ್ಕೆ ಇಳಿಯಿತು. ಇವತ್ತು ಶ್ರುತಿ ಇಳಿಸಿ ನುಡಿಸುವ ಪ್ರತಿ ತಂಡವೂ ಆ ಸಡಿಲ ತಂತಿಯ ಸಾಲ ತೀರಿಸುತ್ತಿದೆ.

ಇನ್ನೊಂದು ಸಂಗತಿ. ತಂಡದ ಹೆಸರಿನದ್ದೇ ಒಂದು ಹಾಡಿದೆ, ಮೊದಲ ಆಲ್ಬಮ್ಮಿನ ಮೊದಲ ಹಾಡು. ಮೂರೇ ಸ್ವರದ ರಿಫ್, ಅಂದರೆ ಮತ್ತೆಮತ್ತೆ ಬರುವ ಗಿಟಾರ್ ತುಣುಕು. ಷಡ್ಜ, ಮೇಲಿನ ಷಡ್ಜ, ಆಮೇಲೆ ಪ್ರತಿ ಮಧ್ಯಮ. ಅಷ್ಟೇ. ಪಂಚಮಕ್ಕೆ ಹೋಗುತ್ತದೆ ಅಂತ ಕಿವಿ ಕಾಯುತ್ತದೆ, ಅದು ಹೋಗುವುದಿಲ್ಲ. ಆ ಕಾಯುವಿಕೆಯೇ ಭಯ.

ಡಬಲ್‌ಪೆಡಲ್:
ಅಣ್ಣ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಮೆಟಲ್ ಗಿಟಾರಿನಲ್ಲಿ ಜಾಸ್ತಿ ಕೇಳುವ ಪವರ್ ಕಾರ್ಡ್ ಅಂದರೆ ಬರೀ ಸ-ಪ. ಗಾಂಧಾರವನ್ನು ಬಿಟ್ಟುಬಿಡುತ್ತಾರೆ, ಯಾಕೆಂದರೆ ಡಿಸ್ಟಾರ್ಷನ್ (ಸದ್ದನ್ನು ಬೇಕಂತಲೇ ಒರಟು ಮಾಡುವುದು) ಹಾಕಿದ ಮೇಲೆ ಅದನ್ನೂ ಸೇರಿಸಿದರೆ ಎಲ್ಲ ಕಲಸಿಹೋಗುತ್ತದೆ. ಸ-ಪ ಮಾತ್ರ ಇದ್ದರೆ ಗೋಡೆ ಥರ ನಿಲ್ಲುತ್ತದೆ. ಜೊತೆಗೆ ಅಂಗೈಯ ಅಂಚನ್ನು ತಂತಿಗೆ ಒತ್ತಿ ಹೊಡೆದರೆ ಆ "ಜಗ್ ಜಗ್" ಸದ್ದು.

ಈಗ ನಿಮ್ಮ ಮೇಡನ್ ಎಲ್ಲಿ ಬಂತು ಅಂತ. 70ರ ದಶಕದಲ್ಲಿ ಅದೇ ಬರ್ಮಿಂಗ್‌ಹ್ಯಾಮ್‌ನ ಜುದಾಸ್ ಪ್ರೀಸ್ಟ್ ಸಬ್ಬತ್‌ನ ಭಾರ ಇಟ್ಟುಕೊಂಡು ಬ್ಲೂಸ್ ಅನ್ನು (ರಾಕ್‌ಗೆ ಮೂಲವಾದ ಅಮೆರಿಕದ ಕಪ್ಪು ಜನರ ಹಾಡಿಕೆ) ಕಳಚಿ ಹಾಕಿತು. ಎರಡು ಗಿಟಾರ್, ಚರ್ಮದ ಬಟ್ಟೆ, ರಾಬ್ ಹಾಲ್‌ಫರ್ಡ್‌ನ ಕತ್ತಿಯಂಥ ದನಿ. ಮೋಟರ್‌ಹೆಡ್ ಇನ್ನೊಂದು ಕಡೆ ಪಂಕ್‌ನವರೂ (ಒರಟು, ಸರಳ, ಸಿಟ್ಟಿನ ರಾಕ್ ನುಡಿಸುವವರು) ಮೆಚ್ಚುವ ವೇಗ ತಂದಿತು. 1980ರ ಹೊತ್ತಿಗೆ ಮೇಡನ್, ಸ್ಯಾಕ್ಸನ್, ಡೈಮಂಡ್ ಹೆಡ್ ಎಲ್ಲ ಒಟ್ಟಿಗೆ ಬಂದವು. ಇದನ್ನೇ ಬ್ರಿಟಿಷ್ ಹೊಸ ಅಲೆ ಅನ್ನುತ್ತಾರೆ. ನಿಮಗೆ ತಕ್ಷಣ ಕೇಳಬೇಕಾದದ್ದು ಪ್ರೀಸ್ಟ್‌ನ ಎರಡು: 1980ರ ಬ್ರಿಟಿಷ್ ಸ್ಟೀಲ್, 1990ರ ಪೇನ್‌ಕಿಲ್ಲರ್. ಒಂದೇ ತಂಡ ಹತ್ತು ವರ್ಷದಲ್ಲಿ ಎಷ್ಟು ಬಿರುಸಾಯಿತು ಅಂತ ಗೊತ್ತಾಗುತ್ತದೆ. ಮೇಡನ್ ಗೊತ್ತು ಅಂತೀರಿ, ಆದರೂ 1984ರ ಪವರ್‌ಸ್ಲೇವ್‌ನ ಕೊನೆಯ ಹಾಡು ಕೇಳದಿದ್ದರೆ ಇವತ್ತೇ ಕೇಳಿ. ಕೋಲ್‌ರಿಜ್ ಕವಿಯ ದೀರ್ಘ ಪದ್ಯದ ಮೇಲೆ ಕಟ್ಟಿದ್ದು, ಹದಿಮೂರು ನಿಮಿಷ ದಾಟುತ್ತದೆ.

ಸಂಜೆಸ್ವರ:
ದನಿ ಮತ್ತು ಜೋಡಿ ಗಿಟಾರ್ ಅಂದಮೇಲೆ ಪವರ್ ಮೆಟಲ್ ಬಿಟ್ಟು ಬೇರೇನು ಹೇಳಲಿ? ಮೇಡನ್‌ನ ರಾಗ ತೆಗೆದುಕೊಂಡು ವೇಗ ಹೆಚ್ಚಿಸಿ, ಎಲ್ಲರೂ ಸೇರಿ ಹಾಡುವಂಥ ಪಲ್ಲವಿ ಹಾಕಿದರೆ ಅದು. ಜರ್ಮನಿಯ ಹೆಲೋವೀನ್ 1987 ಮತ್ತು 1988ರಲ್ಲಿ ಕೀಪರ್ ಹೆಸರಿನ ಎರಡು ಆಲ್ಬಮ್ ತಂದಿತು. ಆಮೇಲೆ ಬಂದ ಪವರ್ ಮೆಟಲ್‌ನವರೆಲ್ಲ ಅದರ ಮಕ್ಕಳು. ಬ್ಲೈಂಡ್ ಗಾರ್ಡಿಯನ್‌ನ 1998ರ ಆಲ್ಬಮ್ ಇಡೀ ಲಾರ್ಡ್ ಆಫ್ ದ ರಿಂಗ್ಸ್ ಬರೆದ ಟೋಲ್ಕಿನ್ ಕಥೆಗಳ ಮೇಲೆ ಕಟ್ಟಿದ್ದು, ಹಾಡಿನ ನಡುನಡುವೆ ಮಾತು, ಕತ್ತಿಯ ಸದ್ದು ಎಲ್ಲ ಇದೆ. ನಾಟಕೀಯ ಅಂತ ನಗುವವರಿದ್ದಾರೆ. ನಗಲಿ. ನನಗೆ ಆ ನಾಟಕವೇ ಬೇಕು.

ಇದಕ್ಕೂ ಹಿಂದಿನ ಅಜ್ಜ ಬೇಕಾದರೆ ರೇನ್‌ಬೋ ತಂಡದ 1976ರ ರೈಸಿಂಗ್. ಹಾಡಿದವನು ರಾನಿ ಜೇಮ್ಸ್ ಡಿಯೋ. ಆಮೇಲೆ ಅವನೇ ಸಬ್ಬತ್‌ಗೂ ಹಾಡಿದ, 1980ರ ಹೆವನ್ ಅಂಡ್ ಹೆಲ್. ತೋರುಬೆರಳು ಕಿರುಬೆರಳು ಎತ್ತಿ ತೋರಿಸುತ್ತಾರಲ್ಲ, ಆ ಕೊಂಬಿನ ಮುದ್ರೆಯನ್ನು ಮೆಟಲ್ ಜನರಲ್ಲಿ ಹಬ್ಬಿಸಿದ್ದು ಅವನೇ. ಇಟಲಿ ಮೂಲದ ಅಜ್ಜಿ ದೃಷ್ಟಿ ತಾಗದಿರಲಿ ಅಂತ ಹಾಗೆ ಬೆರಳು ಮಾಡುತ್ತಿದ್ದಳು ಅಂತ ಅವನು ಹೇಳಿಕೊಂಡಿದ್ದ.

ನೈಟ್‌ವಿಶ್ ಇಷ್ಟ ಅಂದಿರಲ್ಲ, ಅದು ಸಿಂಫನಿಕ್. ಪವರ್ ಮೆಟಲ್‌ಗೆ ವಾದ್ಯವೃಂದ, ಒಪೆರಾ ದನಿ ಸೇರಿದರೆ ಅಲ್ಲಿಗೆ ಬರುತ್ತೀರಿ. 1998ರ ಓಷನ್‌ಬಾರ್ನ್ ಕೇಳಿ, ಆಮೇಲೆ ಎಪಿಕಾ.

ಏಳುತಂತಿ:
ಎಲ್ಲರೂ 2000ಕ್ಕಿಂತ ಮುಂಚೆಯೇ ನಿಂತುಬಿಟ್ಟಿದ್ದೀರಿ. ಗೊಜಿರಾ? ಟೂಲ್? ಸಿಸ್ಟಮ್ ಆಫ್ ಎ ಡೌನ್? ಸ್ಲಿಪ್‌ನಾಟ್? ಹೊಸಬರಿಗೆ ಇವರೇ ಸುಲಭ. ನಾನು ಕಾರ್ನ್ ಕೇಳಿಯೇ ಈ ಕಡೆ ಬಂದವನು.

ಕತ್ತಲೆಕೋಣೆ:
ಕಾರ್ನ್, ಸ್ಲಿಪ್‌ನಾಟ್ ಥರದ ನು ಮೆಟಲ್ ಮೆಟಲ್ ಅಲ್ಲ.

ಏಳುತಂತಿ:
ಬಂದ್ರಾ ಸ್ವಾಮಿ. ನಿಮಗಾಗಿಯೇ ಕಾಯುತ್ತಿದ್ದೆ. ಯಾಕೆ ಅಲ್ಲ ಅಂತ ಹೇಳಿ.

ಕತ್ತಲೆಕೋಣೆ:
ಗಿಟಾರ್ ಸೋಲೊ ಇಲ್ಲ. ರಿಫ್ ಬದಲು ಬರೀ ಕುಣಿತದ ತಾಳ. ರ‍್ಯಾಪ್. ಡಿಜೆ.

ಏಳುತಂತಿ:
ಸೋಲೊ ಇಲ್ಲದ ನಿಮ್ಮ ಬ್ಲ್ಯಾಕ್ ಮೆಟಲ್ ಆಲ್ಬಮ್‌ಗಳ ಹೆಸರು ನಾನು ಹೇಳಲಾ? ಕಾರ್ನ್ 1994ರಲ್ಲಿ ಏಳು ತಂತಿಯ ಗಿಟಾರನ್ನು ಅಷ್ಟು ಕೆಳಗಿನ ಶ್ರುತಿಗೆ ಇಳಿಸಿ ನುಡಿಸಿದಾಗ ಅದನ್ನು ಯಾರೂ ಹಾಗೆ ಬಳಸಿರಲಿಲ್ಲ. ಅಣ್ಣ ಹೇಳಿದ ಸಡಿಲ ತಂತಿ ಕಥೆಯ ಮುಂದಿನ ಅಧ್ಯಾಯವೇ ಅದು. ಎರಡು ವರ್ಷಕ್ಕೆ ಬ್ರೆಜಿಲ್‌ನ ಸೆಪುಲ್ಟುರಾ ಕಾರ್ನ್ ಆಲ್ಬಮ್ಮಿನ ನಿರ್ಮಾಪಕನನ್ನೇ ಹಿಡಿದು ರೂಟ್ಸ್ ಮಾಡಿತು. ಶವಾಂತೆ ಬುಡಕಟ್ಟಿನವರ ಜೊತೆ ಕೂತು ರೆಕಾರ್ಡ್ ಮಾಡಿದ ಭಾಗವೂ ಅದರಲ್ಲಿದೆ. ಅದೂ ಮೆಟಲ್ ಅಲ್ವಾ?

ಸಿಸ್ಟಮ್ ಆಫ್ ಎ ಡೌನ್ ವಿಷಯ ಬೇರೆಯೇ. ನಾಲ್ವರೂ ಆರ್ಮೇನಿಯಾ ಮೂಲದವರು. ಆ ಜನರ ನರಮೇಧದ ಬಗ್ಗೆ ಹಾಡಿದ್ದಾರೆ. 2001ರ ಟಾಕ್ಸಿಸಿಟಿಯಲ್ಲಿ ಸೆರ್ಜ್ ಟಂಕಿಯಾನ್ ಒಂದೇ ಸಾಲಿನಲ್ಲಿ ಗೊಣಗುತ್ತಾನೆ, ಕಿರುಚುತ್ತಾನೆ, ಆಮೇಲೆ ಜೋಗುಳದ ಹಾಗೆ ಹಾಡುತ್ತಾನೆ. ಹೊಸಕಿವಿಯವರೇ, ಅದನ್ನು ಕೇಳಿ, ಇವರ ಮಾತು ಆಮೇಲೆ ಕೇಳಿ.

ಕತ್ತಲೆಕೋಣೆ:
ಸೆಪುಲ್ಟುರಾದ 1989ರ ಬಿನೀತ್ ದ ರಿಮೇನ್ಸ್ ಮೆಟಲ್. ಟಾಕ್ಸಿಸಿಟಿ ಒಳ್ಳೆಯ ಆಲ್ಬಮ್, ಅದನ್ನು ಒಪ್ಪುತ್ತೇನೆ. ಉಳಿದದ್ದು ಒಪ್ಪುವುದಿಲ್ಲ.

ಡಬಲ್‌ಪೆಡಲ್:
ಇದು ಮುಗಿಯುವ ಜಗಳವಲ್ಲ, ಬಿಡಿ. ಥ್ರಾಶ್‌ಗೆ ಬರುತ್ತೇನೆ. ಹೊಸಕಿವಿಯವರು ಕೇಳಿರುವ ಮೆಟಾಲಿಕಾ ನಿಧಾನವಾದ ಮೇಲಿನ ಮೆಟಾಲಿಕಾ. ಹಳಬರು ಆ ಕಪ್ಪು ಆಲ್ಬಮ್ ಹೆಸರೆತ್ತಿದರೆ ಇವತ್ತಿಗೂ ಮುಖ ಸಿಂಡರಿಸುತ್ತಾರೆ. ನಾನು ಸಿಂಡರಿಸುವುದಿಲ್ಲ, ಆದರೆ ಅದು ಥ್ರಾಶ್ ಅಲ್ಲ.

ಥ್ರಾಶ್ ಅಂದರೆ ಬ್ರಿಟಿಷ್ ಹೊಸ ಅಲೆಯ ರಿಫ್, ಅಮೆರಿಕದ ಹಾರ್ಡ್‌ಕೋರ್ ಪಂಕ್‌ನ ಸಿಟ್ಟು. 1983ರಲ್ಲಿ ಮೆಟಾಲಿಕಾದ ಮೊದಲ ಆಲ್ಬಮ್. ಅದಕ್ಕೆ ಕೆಲವೇ ತಿಂಗಳ ಹಿಂದೆ ಗಿಟಾರಿಸ್ಟ್ ಡೇವ್ ಮಸ್ಟೇನ್‌ನನ್ನು ಹೊರಗೆ ಹಾಕಿದ್ದರು. ಅವನು ಆ ಸಿಟ್ಟಿನಲ್ಲೇ ಮೆಗಾಡೆತ್ ಕಟ್ಟಿದ. 1986 ಈ ಪ್ರಕಾರದ ಬಂಗಾರದ ವರ್ಷ: ಮೆಟಾಲಿಕಾದ ಮಾಸ್ಟರ್ ಆಫ್ ಪಪೆಟ್ಸ್, ಸ್ಲೇಯರ್‌ನ ರೇನ್ ಇನ್ ಬ್ಲಡ್, ಮೆಗಾಡೆತ್‌ನ ಪೀಸ್ ಸೆಲ್ಸ್, ಜರ್ಮನಿಯಿಂದ ಕ್ರಿಯೇಟರ್‌ನ ಪ್ಲೆಶರ್ ಟು ಕಿಲ್. ಸ್ಲೇಯರ್‌ನದ್ದು ಹತ್ತು ಹಾಡು, ಒಟ್ಟು 29 ನಿಮಿಷ. ಉಸಿರು ಬಿಡುವ ಹೊತ್ತಿಗೆ ಮುಗಿದಿರುತ್ತದೆ.

ಈ ರಿಫ್‌ಗಳಲ್ಲಿ ಒಂದು ಗುಟ್ಟಿದೆ. ಷಡ್ಜದ ಪಕ್ಕದಲ್ಲೇ ಶುದ್ಧ ರಿಷಭವನ್ನು ಉಜ್ಜುತ್ತಾರೆ. ತೋಡಿ ಕೇಳಿದ ಕಿವಿಗೆ ಆ ಸ್ವರ ಹೊಸದಲ್ಲ. ಅಲ್ಲಿ ಅದು ಕರುಣೆ, ಇಲ್ಲಿ ಅದೇ ಸ್ವರ ಹಲ್ಲು ಕಡಿಯುತ್ತದೆ.

ನಿಮಗೆ ಮೊದಲು ಮೆಗಾಡೆತ್‌ನ 1990ರ ರಸ್ಟ್ ಇನ್ ಪೀಸ್. ಜೋಡಿ ಗಿಟಾರ್ ಅಂದರೆ ಏನು ಅಂತ ಅಲ್ಲಿ ಗೊತ್ತಾಗುತ್ತದೆ. ಮಸ್ಟೇನ್ ಹಾಡುವುದು ಹಲ್ಲು ಕಚ್ಚಿಕೊಂಡು ಜಗಳವಾಡಿದ ಹಾಗೆ ಇರುತ್ತದೆ. ಸಹಿಸಿಕೊಳ್ಳಿ.

ಹೊಸಕಿವಿ:
ಬರೆದುಕೊಳ್ಳುತ್ತಿದ್ದೇನೆ. ಇನ್ನೂ ನನ್ನ ಮೊದಲ ಪ್ರಶ್ನೆಗೆ ಉತ್ತರ ಬಂದಿಲ್ಲ. ಆ ಗಂಟಲಿಗೆ ಏನಾಗಿತ್ತು?

ಸಂಜೆಸ್ವರ:
ಏನೂ ಆಗಿರಲಿಲ್ಲ! ನಾನು ಹಾಡು ಕಲಿತವಳು, ಕುತೂಹಲಕ್ಕೆ ಇದನ್ನೂ ಕಲಿತೆ. ನಾವು ಮಾತಾಡುವ, ಹಾಡುವ ಸ್ವರತಂತುಗಳ ಸ್ವಲ್ಪ ಮೇಲೆ ಇನ್ನೊಂದು ಜೊತೆ ಮಡಿಕೆ ಇದೆ. ಮಾತಿನಲ್ಲಿ ಅದಕ್ಕೆ ಕೆಲಸವಿಲ್ಲ. ಗ್ರೌಲ್, ಅಂದರೆ ನೀವು ಕೇಳಿದ ಆ ಗುಡುಗು ದನಿ, ಮಾಡುವವರು ಹೆಚ್ಚಾಗಿ ಅದನ್ನು ನಡುಗಿಸುತ್ತಾರೆ. ಉಸಿರನ್ನು ಹೊಟ್ಟೆಯಿಂದ ಹಿಡಿತದಲ್ಲಿ ಬಿಡಬೇಕು. ಸರಿಯಾಗಿ ಮಾಡಿದರೆ ಸದ್ದು ಅಷ್ಟು ಜೋರೇ ಇರುವುದಿಲ್ಲ, ಮೈಕ್ ಅದನ್ನು ರಾಕ್ಷಸ ಮಾಡುತ್ತದೆ. ಕಿರುಚಿದ ಹಾಗೆ ಮಾಡಿದರೆ ಎರಡೇ ದಿನಕ್ಕೆ ದನಿ ಹೋಗುತ್ತದೆ. ನನಗೆ ಹೋಗಿತ್ತು. ನೋವಾದರೆ ಅಲ್ಲಿಗೇ ನಿಲ್ಲಿಸಬೇಕು.

ಗಂಡಸರ ಸದ್ದು ಅಂತ ಅಂದುಕೊಂಡಿದ್ದರೆ ಆರ್ಚ್ ಎನಿಮಿಯ 2001ರ ವೇಜಸ್ ಆಫ್ ಸಿನ್ ಕೇಳಿ. ಗುಡುಗುತ್ತಿರುವವಳು ಏಂಜೆಲಾ ಗೊಸೊ. ಯುಕ್ರೇನಿನ ಜಿಂಜರ್ ತಂಡದ ತಟಿಯಾನಾ ಶ್ಮೈಲ್ಯುಕ್ ಅವರ ಪೈಸೀಸ್ ಹಾಡಿನಲ್ಲಿ ಮೊದಲ ಒಂದು ನಿಮಿಷ ಮೃದುವಾದ ದನಿ ಇದೆ. ಆಮೇಲೆ ಬರುವ ದನಿಯೂ ಅವಳದ್ದೇ ಅಂತ ನಂಬಲು ನನಗೆ ವಿಡಿಯೊ ನೋಡಬೇಕಾಯಿತು.

ಡಬಲ್‌ಪೆಡಲ್:
ಗ್ರೌಲ್ ಅನ್ನು ಹಾಡು ಅಂತ ಕೇಳಬೇಡಿ, ಇನ್ನೊಂದು ತಾಳವಾದ್ಯ ಅಂತ ಕೇಳಿ. ನನಗೆ ಹಾಗೆಯೇ ಒಲಿಯಿತು.

ಡೆತ್ ಮೆಟಲ್ ಅಂದರೆ ಥ್ರಾಶ್ ಅನ್ನು ಇನ್ನಷ್ಟು ಕೆಳಗಿನ ಶ್ರುತಿಗೆ ಇಳಿಸಿ, ಇನ್ನಷ್ಟು ತಿರುಚಿ, ಡ್ರಮ್ಸ್‌ನಲ್ಲಿ ಬ್ಲಾಸ್ಟ್ ಬೀಟ್ ಹಾಕಿದ್ದು. ಬ್ಲಾಸ್ಟ್ ಅಂದರೆ ಕೈಯೂ ಕಾಲೂ ಹೊಲಿಗೆ ಯಂತ್ರದ ಹಾಗೆ ಬಿಡುವಿಲ್ಲದೆ ಹೊಡೆಯುವುದು. 80ರ ದಶಕದ ಕೊನೆಗೆ ಫ್ಲೋರಿಡಾದ ಟ್ಯಾಂಪಾ ಇದರ ತವರು. ಮಾರಿಸೌಂಡ್ ಸ್ಟುಡಿಯೊದಲ್ಲಿ ಒಂದರ ಹಿಂದೆ ಒಂದು ತಂಡ ಬಂದು ರೆಕಾರ್ಡ್ ಮಾಡಿತು: ಮಾರ್ಬಿಡ್ ಏಂಜೆಲ್, ಒಬಿಚ್ಯುರಿ, ಡೆತ್. ಹೌದು, ಡೆತ್ ಅನ್ನುವುದು ತಂಡದ ಹೆಸರೂ ಹೌದು. ಅದರ ಚಕ್ ಶುಲ್ಡಿನರ್ 1987ರಲ್ಲಿ ಬರೀ ಹೆಣಗಳ ಬಗ್ಗೆ ಹಾಡುತ್ತಿದ್ದ ಹುಡುಗ. 1995ರ ಸಿಂಬಾಲಿಕ್ ಹೊತ್ತಿಗೆ ಮನುಷ್ಯರ ಬಗ್ಗೆ ಬರೆಯುತ್ತಿದ್ದ, ಗಿಟಾರ್ ಹಾಡುತ್ತಿತ್ತು. 2001ರಲ್ಲಿ ಮೆದುಳಿನ ಗೆಡ್ಡೆಯಿಂದ ತೀರಿಕೊಂಡ. ವಯಸ್ಸು 34. ನಾನು ಡ್ರಮ್ಸ್ ಕಲಿತದ್ದೇ ಆ ಆಲ್ಬಮ್ ಹಾಕಿಕೊಂಡು, ಇವತ್ತಿಗೂ ಅದರ ಅರ್ಧ ನುಡಿಸಲು ಬರುವುದಿಲ್ಲ.

ಸ್ವೀಡನ್ನಿನವರದ್ದು ಬೇರೆ ದಾರಿ. ಎನ್‌ಟೂಮ್ಡ್‌ನ 1990ರ ಲೆಫ್ಟ್ ಹ್ಯಾಂಡ್ ಪಾತ್ ಗಿಟಾರ್ ಸದ್ದು ಮರ ಕೊಯ್ಯುವ ಗರಗಸದ ಹಾಗಿದೆ. ಬಾಸ್ ಕಂಪನಿಯ ಎಚ್‌ಎಂ-2 ಅನ್ನುವ, ಗಿಟಾರ್ ಸದ್ದು ಬದಲಿಸುವ ಪೆಡಲ್‌ನ ನಾಲ್ಕೂ ಗುಂಡಿಗಳನ್ನು ಕೊನೆಯವರೆಗೆ ತಿರುಗಿಸಿದರೆ ಬರುವ ಸದ್ದು ಅದು. ಅದೇ ದೇಶದ ಗೊಥೆನ್‌ಬರ್ಗ್ ಊರಿನವರು ಮಾತ್ರ ಮೇಡನ್‌ನ ಜೋಡಿ ಗಿಟಾರ್ ತಂದು ಇದಕ್ಕೆ ಹಾಕಿದರು. 1995ರಲ್ಲಿ ಅಟ್ ದ ಗೇಟ್ಸ್‌ನ ಸ್ಲಾಟರ್ ಆಫ್ ದ ಸೋಲ್, ಡಾರ್ಕ್ ಟ್ರಾಂಕ್ವಿಲಿಟಿಯ ದ ಗ್ಯಾಲರಿ, ಮರುವರ್ಷ ಇನ್ ಫ್ಲೇಮ್ಸ್‌ನ ಜೆಸ್ಟರ್ ರೇಸ್. ಮೆಲೊಡಿಕ್ ಡೆತ್ ಅಂದರೆ ಇದು. ಗ್ರೌಲ್‌ಗೆ ಕಿವಿ ಒಗ್ಗಿಸಿಕೊಳ್ಳಬೇಕು ಅಂದರೆ ಇಲ್ಲಿಂದ.

ಗ್ರೈಂಡ್‌ಕೋರ್ ಅಂತ ಒಂದಿದೆ, ಹಾಡು ಶುರುವಾಗುವ ಮುಂಚೆ ಮುಗಿಯುತ್ತದೆ. ನೇಪಾಮ್ ಡೆತ್‌ನ 1987ರ ಒಂದು ಹಾಡು 1.316 ಸೆಕೆಂಡ್. ಗಿನ್ನೆಸ್ ದಾಖಲೆ. ಇವರೂ ಬರ್ಮಿಂಗ್‌ಹ್ಯಾಮ್‌ನ ಕಡೆಯವರೇ, ಆ ಊರಿನ ನೀರಿನಲ್ಲಿ ಏನಿದೆಯೋ.

ಕತ್ತಲೆಕೋಣೆ:
ಬ್ಲ್ಯಾಕ್ ಬಗ್ಗೆ ನಾನೇ ಹೇಳಬೇಕು ಅಂತ ಕಾಣುತ್ತದೆ.

ಹೆಸರು ಇಂಗ್ಲೆಂಡಿನ ವೆನಮ್ ತಂಡದ 1982ರ ಆಲ್ಬಮ್‌ನಿಂದ ಬಂದದ್ದು. ಸದ್ದಿನ ಅಡಿಪಾಯ ಸ್ವೀಡನ್ನಿನ ಬಾಥೊರಿ. ಆದರೆ ಇದು ಒಂದು ಲೋಕವಾಗಿದ್ದು 90ರ ದಶಕದ ಆರಂಭದ ನಾರ್ವೆಯಲ್ಲಿ. ಡೆತ್ ಮೆಟಲ್‌ನ ಭಾರ, ನುಣುಪು, ನೈಪುಣ್ಯ ಯಾವುದೂ ಬೇಡ ಅಂದರು. ತೆಳ್ಳನೆಯ ಗಿಟಾರ್, ಒಂದೇ ಸ್ವರವನ್ನು ವೇಗವಾಗಿ ಮಿಡಿಯುತ್ತಾ ಹೋಗುವುದು, ದೂರದಿಂದ ಕೇಳುವ ಕಿರುಚು. ಡಾರ್ಕ್‌ಥ್ರೋನ್‌ನ 1994ರ ಟ್ರಾನ್ಸಿಲ್ವೇನಿಯನ್ ಹಂಗರ್ ಅನ್ನು ನಾಲ್ಕು ಟ್ರ್ಯಾಕ್ ರೆಕಾರ್ಡರ್‌ನಲ್ಲಿ ಮನೆಯಲ್ಲೇ ಮಾಡಿದರು. ಕೆಟ್ಟ ರೆಕಾರ್ಡಿಂಗ್ ಅನ್ನುತ್ತಾರೆ. ಅದು ಕೆಟ್ಟದ್ದಲ್ಲ, ಚಳಿ. ಅದೇ ವರ್ಷ ಎಂಪರರ್ ಇದಕ್ಕೆ ಕೀಬೋರ್ಡ್ ತುಂಬಿ ಬೆಟ್ಟದಷ್ಟು ಎತ್ತರಕ್ಕೆ ಕಟ್ಟಿತು.

ಸದ್ದಿನಾಚೆಗೆ ನಡೆದದ್ದನ್ನೂ ಹೇಳಬೇಕು. ಚರ್ಚುಗಳನ್ನು ಸುಟ್ಟರು. 1992ರಲ್ಲಿ ಸುಟ್ಟುಹೋದ ಫಾಂಟಾಫ್ಟ್ ಚರ್ಚು ನೂರಾರು ವರ್ಷ ಹಳೆಯ ಮರದ ಕಟ್ಟಡ. 1993ರಲ್ಲಿ ಮೇಹೆಮ್‌ನ ಗಿಟಾರಿಸ್ಟ್ ಯೂರೋನಿಮಸ್‌ನನ್ನು ಇನ್ನೊಬ್ಬ ಬ್ಲ್ಯಾಕ್ ಮೆಟಲ್ ಸಂಗೀತಗಾರನೇ ಕೊಂದ. ಇದನ್ನು ರೋಚಕ ಕಥೆ ಮಾಡಿ ಹೇಳುವವರು ಜಾಸ್ತಿ. ನನಗೆ ಅದು ಇಷ್ಟವಿಲ್ಲ. ಸತ್ತವನು 25ರ ಹುಡುಗ. ಜೊತೆಗೆ ಈ ಪ್ರಕಾರದ ಕೆಲವು ತಂಡಗಳು ನಾಜಿ ವಿಚಾರದವು. ಹೊಸ ತಂಡದ ಆಲ್ಬಮ್ ಕೊಳ್ಳುವ ಮುಂಚೆ ಅವರು ಯಾರು ಅಂತ ನೋಡಿಕೊಳ್ಳಿ.

ಚೀರಾಟ ಬೇಡದವರಿಗೆ ಫ್ರಾನ್ಸಿನ ಆಲ್ಸೆಸ್ಟ್, 2007ರ ಮೊದಲ ಆಲ್ಬಮ್. ಗಿಟಾರ್ ಬ್ಲ್ಯಾಕ್ ಮೆಟಲ್‌ನದ್ದು, ದನಿ ಮಗುವಿನ ಕನಸಿನದ್ದು.

ಏಳುತಂತಿ:
ಇವರಿಂದ ಆಲ್ಸೆಸ್ಟ್ ಹೆಸರು ಬರುತ್ತದೆ ಅಂತ ಕನಸಲ್ಲೂ ಅಂದುಕೊಂಡಿರಲಿಲ್ಲ. ಗುರುಗಳೇ, ಕೈ ಕೊಡಿ.

ನನ್ನ ಪಾಲಿನದ್ದು ಬೇಗ ಹೇಳಿ ಮುಗಿಸುತ್ತೇನೆ. ಪ್ರೋಗ್ (ಪ್ರೋಗ್ರೆಸಿವ್) ಮೆಟಲ್, ಅಂದರೆ ಉದ್ದುದ್ದ ಹಾಡು, ತಿರುವುಮುರುವು ತಾಳ: ಡ್ರೀಮ್ ಥಿಯೇಟರ್‌ನ 1992ರ ಇಮೇಜಸ್ ಅಂಡ್ ವರ್ಡ್ಸ್. ನಿಮ್ಮ ಕಿವಿಗೆ ನೇರ ಹೋಗುತ್ತದೆ. ಸ್ವೀಡನ್ನಿನ ಮೆಶುಗ್ಗಾ: ಡ್ರಮ್ಮರ್ ಟೊಮಾಸ್ ಹಾಕೆಯ ಒಂದು ಕೈ ಸಿಂಬಲ್ ಮೇಲೆ ನಾಲ್ಕರ ಲೆಕ್ಕ ಬಿಡದೆ ಹೊಡೆಯುತ್ತದೆ. ಕಾಲುಗಳು ಮತ್ತು ಗಿಟಾರ್ ಬೇರೆಯೇ ಅಳತೆಯ ಆವರ್ತದಲ್ಲಿ ಸುತ್ತುತ್ತಿರುತ್ತವೆ. ಎರಡೂ ಎಲ್ಲೋ ಹೋಗಿ ಒಂದೇ ಸಮಕ್ಕೆ ಬಂದು ಬೀಳುತ್ತವೆ. ತನಿ ಆವರ್ತನದಲ್ಲಿ ಕೈಯಲ್ಲಿ ತಾಳ ಹಾಕುತ್ತಾ ಕೂತವರಿಗೆ ಆ ಸುಖ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಜೆಂಟ್ ಹುಟ್ಟಿದ್ದು ಇವರ ಗಿಟಾರ್ ಸದ್ದಿನಿಂದ. ಆ ಪದಕ್ಕೆ ಅರ್ಥವೇ ಇಲ್ಲ, ಅದು ಬರೀ ಅನುಕರಣಾವ್ಯಯ. ದಡದಡ, ಪಟಪಟ ಇದ್ದ ಹಾಗೆ "ಜೆಂಟ್ ಜೆಂಟ್".

ಗೊಜಿರಾ ಫ್ರಾನ್ಸಿನವರು. 2024ರ ಪ್ಯಾರಿಸ್ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಹಳೆಯ ಅರಮನೆ-ಸೆರೆಮನೆಯ ಕಿಟಕಿಗಳಲ್ಲಿ ನಿಂತು ನುಡಿಸಿದವರು ಇವರೇ. 2005ರ ಫ್ರಮ್ ಮಾರ್ಸ್ ಟು ಸಿರಿಯಸ್ ಕೇಳಿ, ತಿಮಿಂಗಿಲದ ದನಿ ಸಹ ಇದೆ.

ಸಂಜೆಸ್ವರ:
ಫೋಕ್ ಮೆಟಲ್ ಯಾರೂ ಹೇಳಲಿಲ್ಲ. ಮಂಗೋಲಿಯಾದ ದ ಹೂ, ಕುದುರೆ ತಲೆಯ ಪಿಟೀಲು ಹಿಡಿದು ಗಂಟಲಿನೊಳಗಿಂದ ಹಾಡುತ್ತಾರೆ. ಅದು ಗ್ರೌಲ್ ಅಲ್ಲ, ಅವರ ಹಳೆಯ ಹಾಡಿಕೆ. ಸ್ವಿಟ್ಜರ್‌ಲೆಂಡಿನ ಎಲುವೈಟಿ ಕೊಳಲು ಮತ್ತು ಬ್ಯಾಗ್‌ಪೈಪ್ ಹಾಕಿಕೊಂಡು ಸತ್ತುಹೋದ ಗಾಲಿಶ್ ಭಾಷೆಯಲ್ಲೂ ಹಾಡಿದ್ದಾರೆ. ದೆಹಲಿಯ ಬ್ಲಡಿವುಡ್ ಢೋಲು ಹಾಕುತ್ತಾರೆ.

ಓಪೆತ್ ಬಗ್ಗೆಯೂ ಹೇಳಿಬಿಡುತ್ತೇನೆ. 2001ರ ಬ್ಲ್ಯಾಕ್‌ವಾಟರ್ ಪಾರ್ಕ್‌ನಲ್ಲಿ ಒಬ್ಬನೇ ಮೈಕೆಲ್ ಓಕರ್‌ಫೆಲ್ಟ್ ಗುಡುಗುವುದೂ ಮೆಲ್ಲಗೆ ಹಾಡುವುದೂ. ಗುಡುಗು ಬೇಡವೇ ಬೇಡ ಅಂದರೆ 2003ರ ಡ್ಯಾಮ್ನೇಷನ್. ಅದರಲ್ಲಿ ಒಂದೇ ಒಂದು ಗ್ರೌಲ್ ಇಲ್ಲ.

ನಿಧಾನವೇ_ಪ್ರಧಾನ:
ಎಲ್ಲರೂ ಓಡಿದ್ದಾಯಿತಾ? ಈಗ ನನ್ನ ಸರದಿ.

ಸಬ್ಬತ್‌ನಿಂದ ಎಲ್ಲರೂ ವೇಗ ಹೆಚ್ಚಿಸುತ್ತಾ ಹೋದರೆ, ಕೆಲವರು ಮಾತ್ರ ಅಲ್ಲೇ ನಿಂತು ಇನ್ನೂ ನಿಧಾನ ಮಾಡಿದರು. ಅದೇ ಡೂಮ್. ಸ್ವೀಡನ್ನಿನ ಕ್ಯಾಂಡಲ್‌ಮಾಸ್‌ನ 1986ರ ಮೊದಲ ಆಲ್ಬಮ್ ಹೆಸರು ಎಪಿಕಸ್ ಡೂಮಿಕಸ್ ಮೆಟಾಲಿಕಸ್. ಲ್ಯಾಟಿನ್ ಥರ ಕೇಳಿಸುತ್ತದೆ, ತಮಾಷೆಗೆ ಇಟ್ಟದ್ದು. ಹಾಡು ತಮಾಷೆಯಲ್ಲ. ಇಲ್ಲಿ ದನಿ ಶುದ್ಧ, ಎತ್ತರ, ಡಿಯೋ ಮನೆತನದ್ದು. ಗಿಟಾರ್ ಒಂದು ಸ್ವರ ಹೊಡೆದು ಅದು ಸಾಯುವವರೆಗೆ ಕಾಯುತ್ತದೆ. ಹೊಸಕಿವಿ, ನಿನಗೆ ಯಾರೂ ಇದನ್ನು ಹೇಳದಿದ್ದದ್ದೇ ನನಗೆ ಆಶ್ಚರ್ಯ. ದನಿ ಬೇಕು ಅಂದೆಯಲ್ಲ.

ಇದರಲ್ಲಿ ಕವಲುಗಳಿವೆ. ಪಂಕ್ ಕೊಳೆ ಸೇರಿದರೆ ಸ್ಲಡ್ಜ್, ಅದಕ್ಕೆ ಮೆಲ್ವಿನ್ಸ್, ಐಹೇಟ್‌ಗಾಡ್. ಶೋಕ, ಪಿಟೀಲು ಸೇರಿದರೆ ಮೈ ಡೈಯಿಂಗ್ ಬ್ರೈಡ್. ಗಾಂಜಾ ಹೊಗೆ ಸೇರಿದರೆ ಸ್ಲೀಪ್ ತಂಡ: ಒಂದೇ ಹಾಡಿನ ಆಲ್ಬಮ್, 63 ನಿಮಿಷ. 90ರ ದಶಕದಲ್ಲಿ ರೆಕಾರ್ಡ್ ಆದದ್ದು, ಕಂಪನಿ ಬಿಡುಗಡೆ ಮಾಡಲು ಒಪ್ಪದೆ ವರ್ಷಗಟ್ಟಲೆ ಬಿದ್ದಿತ್ತು. ಈ ಪೂರ್ಣ ರೂಪ ಹೊರಬಂದದ್ದು 2003ರಲ್ಲಿ. ಇನ್ನೂ ನಿಧಾನ ಬೇಕು ಅಂದರೆ ಫ್ಯೂನರಲ್ ಡೂಮ್ ಇದೆ. ಬೆಲ್ ವಿಚ್ ತಂಡದ 2017ರ ಮಿರರ್ ರೀಪರ್ ಒಂದೇ ಹಾಡು, 83 ನಿಮಿಷ. ಅವರ ಹಳೆಯ ಡ್ರಮ್ಮರ್ ತೀರಿಕೊಂಡಿದ್ದ, ಅವನಿಗಾಗಿ ಮಾಡಿದ್ದು. ಅವನು ಬದುಕಿದ್ದಾಗ ಹಾಡಿಟ್ಟಿದ್ದ ದನಿಯನ್ನೇ ನಡುವೆ ಸೇರಿಸಿದ್ದಾರೆ. ಅದನ್ನು ಈಗಲೇ ಕೇಳಬೇಡ.

ಡಬಲ್‌ಪೆಡಲ್:
ಅಣ್ಣಾ, ಅಷ್ಟು ನಿಧಾನ ನುಡಿಸುವುದೇ ಕಷ್ಟ. ವೇಗದಲ್ಲಿ ತಪ್ಪಿದರೆ ಯಾರಿಗೂ ಗೊತ್ತಾಗುವುದಿಲ್ಲ. ಡೂಮ್‌ನಲ್ಲಿ ಒಂದು ಏಟು ಕೂದಲೆಳೆಯಷ್ಟು ಮುಂದೆ ಬಿದ್ದರೂ ಎಲ್ಲರೂ ತಿರುಗಿ ನನ್ನನ್ನೇ ನೋಡುತ್ತಾರೆ.

ಹೊಸಕಿವಿ:
ಮೂರು ವಾರ ಆಯಿತು. ಲೆಕ್ಕ ಒಪ್ಪಿಸುತ್ತೇನೆ.

ಪೇನ್‌ಕಿಲ್ಲರ್ ಕೇಳಿ ಕುರ್ಚಿಯಿಂದ ಎದ್ದು ನಿಂತೆ. ರಸ್ಟ್ ಇನ್ ಪೀಸ್ ಗಿಟಾರ್ ಅದ್ಭುತ, ಹಾಡುವವನನ್ನು ಇನ್ನೂ ಸಹಿಸಿಕೊಳ್ಳುತ್ತಿದ್ದೇನೆ. ಹೆಲೋವೀನ್ ಮೊದಲ ದಿನ ಬಹಳ ಇಷ್ಟವಾಯಿತು, ನಾಲ್ಕನೇ ದಿನಕ್ಕೆ ಜಾಸ್ತಿ ಸಿಹಿ ಅನಿಸಿತು, ಸಂಜೆಸ್ವರ ಅಕ್ಕ ಬೈಯಬೇಡಿ. ಟಾಕ್ಸಿಸಿಟಿ ಸೂಪರ್. ಡ್ಯಾಮ್ನೇಷನ್ ರಾತ್ರಿ ಕೇಳುವುದಕ್ಕೆ ಇಟ್ಟುಕೊಂಡಿದ್ದೇನೆ. ಸ್ಲಾಟರ್ ಆಫ್ ದ ಸೋಲ್ ಮೂರು ಸಲ ಪ್ರಯತ್ನಿಸಿದೆ. ತಾಳವಾದ್ಯ ಅಂತಲೇ ಕೇಳಿದೆ. ಗಿಟಾರ್ ಇಷ್ಟವಾಯಿತು, ದನಿ ಆಗಲಿಲ್ಲ. ಡೆತ್ ಮೆಟಲ್ ನನಗಲ್ಲ ಅಂತ ಈಗ ಗೊತ್ತಿದ್ದು ಹೇಳುತ್ತಿದ್ದೇನೆ, ಮೊದಲಿನ ಹಾಗೆ ಹತ್ತು ಸೆಕೆಂಡಿನ ತೀರ್ಪಲ್ಲ.

ಆದರೆ ಕ್ಯಾಂಡಲ್‌ಮಾಸ್! ಮೊದಲ ಹಾಡಿನ ಆರಂಭದಲ್ಲಿ ಬರೀ ಮರದ ಗಿಟಾರ್, ಆಮೇಲೆ ಆ ಗೋಡೆ ಬಿದ್ದ ಸದ್ದು. ವೇಗ ಬೇಕು ಅಂತ ಬಂದವನು ನಾನು. ಈಗ ಹತ್ತು ದಿನದಿಂದ ಬೇರೇನೂ ಹಾಕಿಲ್ಲ. ಬೇಡ ಅಂದರೂ ಬೆಲ್ ವಿಚ್ ಕೇಳಿದೆ. ಅದರಲ್ಲಿ ಗ್ರೌಲ್ ಇದೆ ಅಂತ ನನಗೆ ಗೊತ್ತಾದದ್ದೇ ಅರ್ಧ ಗಂಟೆ ಆದಮೇಲೆ.

ನಿಧಾನವೇ_ಪ್ರಧಾನ:
ಬೇಡ ಅಂದರೂ ಕೇಳಿದೆ ಅಂದಮೇಲೆ ನೀನು ನಮ್ಮವನೇ. ಮುಂದಕ್ಕೆ ಮೂರು. ಅಮೆರಿಕದ ಸಾಲಿಟ್ಯೂಡ್ ಈಟರ್ನಸ್, ದನಿಗಾಗಿ. ಪಾಲ್‌ಬೇರರ್‌ನ 2012ರ ಸಾರೋ ಅಂಡ್ ಎಕ್ಸ್‌ಟಿಂಕ್ಷನ್, ಜೋಡಿ ಗಿಟಾರ್‌ಗಾಗಿ. ಇಂಗ್ಲೆಂಡಿನ ವಾರ್ನಿಂಗ್ ತಂಡದ 2006ರ ವಾಚಿಂಗ್ ಫ್ರಮ್ ಎ ಡಿಸ್ಟೆನ್ಸ್, ಐದೇ ಹಾಡು. ಅದರಲ್ಲಿ ರಾಕ್ಷಸರೂ ಇಲ್ಲ, ಹೆಣಗಳೂ ಇಲ್ಲ. ಒಬ್ಬ ಮನುಷ್ಯ ತನ್ನ ಮುರಿದ ಮನಸ್ಸಿನ ಬಗ್ಗೆ ಅಷ್ಟು ದೊಡ್ಡ ಆಂಪ್ಲಿಫೈಯರ್ ಮುಂದೆ ನಿಂತು ಹೇಳುತ್ತಾನೆ. ಒಬ್ಬನೇ ಇದ್ದಾಗ ಕೇಳು.

ಕತ್ತಲೆಕೋಣೆ:
ವಾರ್ನಿಂಗ್‌ಗೆ ನನ್ನ ಒಪ್ಪಿಗೆ ಇದೆ.

ಏಳುತಂತಿ:
ಇವರು ಎರಡನೇ ಸಲ ಒಪ್ಪಿದರು. ಯಾರಾದರೂ ತಾರೀಖು ಬರೆದಿಟ್ಟುಕೊಳ್ಳಿ.